ಎರಡು ಶೀರ್ಷಿಕೆ ಪುಟ, ಒಂದು ಆಮೆ: ಆರಂಭಿಕ ಇಂಗ್ಲಿಷ್ ನೀತಿ ಪುಸ್ತಕಗಳು ಮತ್ತು ‘ಭಾರತೀಯ ಮೂಲ’ದ ಪ್ರಶ್ನೆ

ನನ್ನ ದನಿ ಕೇಳಿಸ್ತಾ ಇದೆ ಅಂದುಕೊಂಡು ಶುರು ಮಾಡುತ್ತೇನೆ. ಇವತ್ತು ಎಡಪ್ಪಾಡಿಯ ನಮ್ಮ ಮನೆಯಿಂದಲೇ ಮಾತಾಡುತ್ತಿದ್ದೇನೆ. ಪಕ್ಕದ ಮನೆಯಲ್ಲಿ ಪವರ್‌ಲೂಮ್ ಓಡುತ್ತಿದೆ, ಆ ಸದ್ದು ನಿಮಗೂ ಬರಬಹುದು, ದಯವಿಟ್ಟು ಸಹಿಸಿಕೊಳ್ಳಿ.

ಗೊತ್ತಿಲ್ಲದವರಿಗೆ ಎರಡು ಮಾತು. ಎಡಪ್ಪಾಡಿ ತಮಿಳುನಾಡಿನ ಸೇಲಂ ಜಿಲ್ಲೆಯ ನೇಕಾರರ ಊರು. ಇಲ್ಲಿನ ದೇವಾಂಗದವರ ಮನೆಗಳಲ್ಲಿ ಕನ್ನಡ ಮಾತಾಡುತ್ತೇವೆ, ಶಾಲೆಯಲ್ಲಿ ತಮಿಳು ಓದುತ್ತೇವೆ. ನಾನು ಕನ್ನಡ ಅಕ್ಷರ ಕಲಿತದ್ದು ಪದವಿಗೆ ಸೇರಿದ ಮೇಲೆ. ನಮ್ಮ ಅಜ್ಜಿಗೆ ಕನ್ನಡದಲ್ಲಿ ಇವತ್ತಿಗೂ ಓದಲು ಬರುವುದಿಲ್ಲ. ಆದರೆ ನನಗೆ ಕನ್ನಡ ಕೊಟ್ಟವರು ಅವರೇ.

ಕಳೆದ ಸೆಮಿಸ್ಟರಿನಲ್ಲಿ ಇದೇ ಸೆಮಿನಾರಿನಲ್ಲಿ ನಾನೊಂದು ವಾದ ಮಂಡಿಸಿದ್ದೆ. ಅಜ್ಜಿ ಹೇಳುತ್ತಿದ್ದ ಆಮೆಯ ಕಥೆ ದುರ್ಗಸಿಂಹನ ‘ಕರ್ಣಾಟಕ ಪಂಚತಂತ್ರ’ದಿಂದ ಬಂದದ್ದು, ನಮ್ಮ ಹಿರಿಯರು ಕನ್ನಡ ನಾಡಿನಿಂದ ಹೊರಟಾಗ ಅದನ್ನು ಬಾಯಲ್ಲಿ ಹೊತ್ತು ತಂದರು ಅಂತ. ಇವತ್ತು ಆ ವಾದವನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಯಾಕೆ ಎಂದು ವಿವರಿಸಲು ಹದಿನಾರು ಮತ್ತು ಹದಿನೆಂಟನೇ ಶತಮಾನದ ಲಂಡನ್ನಿಗೆ ಹೋಗಬೇಕಾಗುತ್ತದೆ. ಅಲ್ಲಿ ಅಚ್ಚಾದ ಎರಡು ನೀತಿ ಪುಸ್ತಕಗಳೇ ನನ್ನ ತಪ್ಪನ್ನು ನನಗೆ ತೋರಿಸಿಕೊಟ್ಟವು.

ಮೊದಲು ಹಿನ್ನೆಲೆ. ಇಂಗ್ಲೆಂಡಿನಲ್ಲಿ ವಿಲಿಯಂ ಕ್ಯಾಕ್ಸ್ಟನ್ ಅಚ್ಚುಕೂಟ ಹಾಕಿದ್ದು 1476ರಲ್ಲಿ. ಮರುವರ್ಷವೇ ಅವನು ಅಚ್ಚು ಮಾಡಿದ ಪುಸ್ತಕಗಳಲ್ಲಿ ತತ್ತ್ವಜ್ಞಾನಿಗಳ ಹಿತವಚನಗಳ ಒಂದು ಸಂಕಲನವಿತ್ತು. ಅದರ ಮೂಲ ಹನ್ನೊಂದನೇ ಶತಮಾನದ ಒಂದು ಅರಬ್ಬಿ ಗ್ರಂಥ. ಅಂದರೆ ಇಂಗ್ಲಿಷಿನ ಅಚ್ಚಿನ ನೀತಿ ಸಾಹಿತ್ಯ ಶುರುವಾದದ್ದೇ ಅನುವಾದದಿಂದ. 1530ರಲ್ಲಿ ಎರಾಸ್ಮಸ್ ಲ್ಯಾಟಿನ್‌ನಲ್ಲಿ ಹುಡುಗರ ನಡವಳಿಕೆ ಕುರಿತು ಪುಟ್ಟ ಪುಸ್ತಕ ಬರೆದ. ಎರಡೇ ವರ್ಷದಲ್ಲಿ, 1532ರಲ್ಲಿ, ರಾಬರ್ಟ್ ವಿಟಿಂಟನ್ ಅದನ್ನು ಇಂಗ್ಲಿಷಿಗೆ ತಂದ. 1561ರಲ್ಲಿ ಥಾಮಸ್ ಹೋಬಿ ಇಟಲಿಯ ಕಾಸ್ಟಿಲಿಯೋನೆಯ ಆಸ್ಥಾನಿಕನ ಪುಸ್ತಕವನ್ನು ಅನುವಾದಿಸಿದ.

ಈ ಪುಸ್ತಕಗಳಲ್ಲಿ ಏನಿದೆ? ಮೂಗು ಒರೆಸಿಕೊಳ್ಳುವುದು ಹೇಗೆ, ತಟ್ಟೆಗೆ ಮೊದಲು ಕೈ ಹಾಕುವವರು ಯಾರು, ಬೆರಳು ನೆಕ್ಕಬಾರದು, ಬಟ್ಟೆಗೆ ಒರೆಸಬಾರದು, ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು. ನಮ್ಮಲ್ಲಿ ಕೆಲವರಿಗೆ ಇದು ತಮಾಷೆಯಾಗಿ ಕಾಣಬಹುದು, ಯಾಕೆಂದರೆ ‘ಇಂಗ್ಲಿಷ್ ಮ್ಯಾನರ್ಸ್’ ಎಂದ ಕೂಡಲೇ ನಮಗೆ ನೆನಪಾಗುವುದು ಚಮಚ, ಫೋರ್ಕು. ಆದರೆ ಆಗಿನ ಇಂಗ್ಲಿಷರು ಕೈಯಲ್ಲೇ ಉಣ್ಣುತ್ತಿದ್ದರು. ಇಟಲಿಯಲ್ಲಿ ಫೋರ್ಕು ಕಂಡು ಬೆರಗಾಗಿ 1611ರಲ್ಲಿ ಅದನ್ನು ಬರೆದು ಅಚ್ಚು ಹಾಕಿಸಿದವನು ಥಾಮಸ್ ಕೊರ್ಯಾಟ್. ಅದೇ ಕೊರ್ಯಾಟ್ ಮುಂದೆ ನಡೆದುಕೊಂಡೇ ಭಾರತಕ್ಕೆ ಬಂದು 1617ರಲ್ಲಿ ಸೂರತ್ತಿನಲ್ಲಿ ತೀರಿಕೊಂಡ.

ಈ ಪುಸ್ತಕಗಳನ್ನು ಕೊಂಡವರು ಯಾರು ಅನ್ನುವುದನ್ನೂ ಯೋಚಿಸಬೇಕು. ಅರಮನೆಯಲ್ಲೇ ಹುಟ್ಟಿ ಬೆಳೆದ ಮಗುವಿಗೆ ಅರಮನೆಯ ರೀತಿ ಕಲಿಯಲು ಅಚ್ಚಿನ ಪುಸ್ತಕ ಬೇಕಾಗಿಲ್ಲ. ಅಚ್ಚಿನಿಂದ ಈ ತಿಳಿವಳಿಕೆ ದೊಡ್ಡ ಮನೆಯೊಳಗಿಂದ ಹೊರಗೆ ಬಂತು. ಶಾಲೆಗೆ ಹೋಗುವ ಹುಡುಗ, ಹೊಸದಾಗಿ ಕಾಸು ಕಂಡ ವ್ಯಾಪಾರಿ, ದೊಡ್ಡ ಮನೆಯಲ್ಲಿ ಊಳಿಗಕ್ಕೆ ಸೇರಿದವನು ಇವರೆಲ್ಲರ ಕೈಗೆ ಸಿಕ್ಕಿತು. ಇಂಥ ಓದುಗರಿಗೆ ಒಂದು ಭರವಸೆ ಬೇಕಿರುತ್ತದೆ: ಈ ಬುದ್ಧಿಮಾತು ನಿನ್ನೆ ಮೊನ್ನೆಯದಲ್ಲ, ಹಳೆಯದು, ದೊಡ್ಡವರದು. ಹಾಗಾಗಿ ನೀತಿ ಪುಸ್ತಕದ ಶೀರ್ಷಿಕೆ ಪುಟದಲ್ಲಿ ‘ಎಲ್ಲಿಂದ ಬಂತು’ ಅನ್ನುವುದು ಮಾರಾಟದ ಮಾತೂ ಹೌದು. ನನ್ನ ಎರಡು ಉದಾಹರಣೆ ಇಲ್ಲಿಂದ ಶುರುವಾಗುತ್ತವೆ.

ಮೊದಲನೆಯದು 1570ರದು. ಅನುವಾದಕ ಥಾಮಸ್ ನಾರ್ತ್. ಮುಂದೆ ಶೇಕ್ಸ್‌ಪಿಯರ್ ತನ್ನ ರೋಮನ್ ನಾಟಕಗಳಿಗೆ ಬಳಸಿಕೊಂಡ ಪ್ಲುಟಾರ್ಕನ ಜೀವನ ಚರಿತ್ರೆಗಳನ್ನು 1579ರಲ್ಲಿ ಇಂಗ್ಲಿಷಿಗೆ ತಂದವನು ಇವನೇ. 1570ರ ಪುಸ್ತಕ ‘ಡೋನಿಯ ನೀತಿಶಾಸ್ತ್ರ’. ಇದು ಮೊದಲು ಭಾರತದ ಭಾಷೆಯಲ್ಲಿ ರಚನೆಯಾಗಿ, ಆಮೇಲೆ ಬೇರೆ ಬೇರೆ ಭಾಷೆಗಳನ್ನು ಹಾದು, ಈಗ ಇಟಾಲಿಯನ್‌ನಿಂದ ಇಂಗ್ಲಿಷಿಗೆ ಬಂದಿದೆ ಎಂಬರ್ಥದ ಮಾತು ಅದರ ಶೀರ್ಷಿಕೆ ಪುಟದಲ್ಲಿದೆ. ಒಳಗೆ ಸಿಂಹ ಮತ್ತು ಎತ್ತಿನ ಸ್ನೇಹ, ಅದನ್ನು ಮುರಿಯುವ ಚಾಡಿಕೋರನ ಕಥೆ. ನಮ್ಮ ಕರಟಕ ದಮನಕರೇ. ಆದರೆ ಹಾದಿಯಲ್ಲಿ ನರಿಗಳು ಹೋಗಿ ಕತ್ತೆ, ಹೇಸರಗತ್ತೆ ಆಗಿಬಿಟ್ಟಿವೆ.

ಎರಡನೆಯದು 1750ರ ಕೊನೆಯಲ್ಲಿ ಹೊರಬಂದದ್ದು, ‘ಮಾನವ ಜೀವನದ ವ್ಯವಸ್ಥೆ’. ಪ್ರಾಚೀನ ಬ್ರಾಹ್ಮಣನೊಬ್ಬ ಬರೆದ ಭಾರತೀಯ ಹಸ್ತಪ್ರತಿಯ ಅನುವಾದ ಇದು ಅಂತ ಶೀರ್ಷಿಕೆ ಪುಟ ಹೇಳುತ್ತದೆ. ಚೀನಾದ ಚಕ್ರವರ್ತಿ ತನ್ನ ವಿದ್ವಾಂಸನೊಬ್ಬನನ್ನು ಟಿಬೆಟ್ಟಿನ ಲಾಮಾ ಬಳಿಗೆ ಕಳಿಸಿದ, ಅಲ್ಲಿ ಈ ಪ್ರತಿ ಸಿಕ್ಕಿತು, ಪೀಕಿಂಗಿನಲ್ಲಿದ್ದ ಇಂಗ್ಲಿಷಿನವನೊಬ್ಬ ಅನುವಾದಿಸಿ ಕಳಿಸಿದ ಅಂತ ಮುನ್ನುಡಿಯಲ್ಲಿ ದೊಡ್ಡ ಕಥೆ ಇದೆ. ವಿನಯ, ಶ್ರದ್ಧೆ, ಕೋಪ, ತಂದೆ, ಮಗ, ಒಡೆಯ ಮತ್ತು ಆಳು ಹೀಗೆ ಸಣ್ಣ ಸಣ್ಣ ಅಧ್ಯಾಯಗಳು. ಅದರ ವಾಕ್ಯಗಳ ನಡೆ ಬೈಬಲ್ಲಿನದು. ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು, ಯೂರೋಪಿನ ಅನೇಕ ಭಾಷೆಗಳಿಗೆ ಹೋಯಿತು. ಬರೆದವನು ಚೆಸ್ಟರ್‌ಫೀಲ್ಡ್ ಪ್ರಭು ಅಂತ ಜನ ಗುಮಾನಿಪಟ್ಟರು. ಈಗ ಎಲ್ಲರೂ ಒಪ್ಪುವ ಹಾಗೆ ಬರೆದವನು ಪುಸ್ತಕ ವ್ಯಾಪಾರಿ ರಾಬರ್ಟ್ ಡಾಡ್ಸ್ಲಿ. ಮುಂದೆ ಜಾನ್ಸನ್ನನ ನಿಘಂಟಿನ ಪ್ರಕಾಶಕರಲ್ಲಿ ಇವನೂ ಒಬ್ಬ. ಬ್ರಾಹ್ಮಣನೂ ಇಲ್ಲ, ಹಸ್ತಪ್ರತಿಯೂ ಇಲ್ಲ.

ಡಾಡ್ಸ್ಲಿ ತನ್ನ ಚಿಕ್ಕ ವಯಸ್ಸಿನಲ್ಲಿ ದೊಡ್ಡ ಮನೆಯಲ್ಲಿ ಸಮವಸ್ತ್ರ ತೊಟ್ಟು ಊಳಿಗ ಮಾಡುತ್ತಿದ್ದವನು. ಆಳಾಗಿದ್ದವನು ಒಡೆಯ ಮತ್ತು ಆಳುಗಳ ಧರ್ಮ ಏನೆಂದು ತನ್ನ ಹೆಸರಿನಲ್ಲಿ ಬರೆದಿದ್ದರೆ ಲಂಡನ್ನಿನ ದೊಡ್ಡವರು ಹೇಗೆ ಓದುತ್ತಿದ್ದರು? ಅವನಿಗೆ ಬ್ರಾಹ್ಮಣನ ವೇಷ ಯಾಕೆ ಬೇಕಾಯಿತು ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಊಹೆ. ಅವನನ್ನು ನೋಡಿ ನಗುವುದಕ್ಕೆ ನನಗೆ ಮನಸ್ಸಾಗುವುದಿಲ್ಲ.

ಈಗ ವಿಧಾನದ ಪ್ರಶ್ನೆ. ಎರಡೂ ಶೀರ್ಷಿಕೆ ಪುಟ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ: ಮೂಲ ಭಾರತದ್ದು. ಒಂದು ನಿಜ, ಇನ್ನೊಂದು ಸುಳ್ಳು. ನಮಗೆ ಹೇಗೆ ಗೊತ್ತಾಯಿತು?

ಲೇಖಕನ ಪ್ರಾಮಾಣಿಕತೆಯಿಂದ ಅಂತೂ ಅಲ್ಲ. ನಾರ್ತ್ 1557ರಲ್ಲಿ ಇನ್ನೊಂದು ನೀತಿ ಪುಸ್ತಕ ಅನುವಾದಿಸಿದ್ದ, ಸ್ಪೇನಿನ ಗೆವಾರಾ ಬರೆದದ್ದು. ರೋಮನ್ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ಸನ ಹಳೆಯ ಪ್ರತಿಯೊಂದು ತನಗೆ ಸಿಕ್ಕಿತು ಅಂತ ಗೆವಾರಾ ಹೇಳಿಕೊಂಡಿದ್ದ. ಅದು ಕಟ್ಟುಕಥೆ. ಅಂದರೆ ಒಬ್ಬನೇ ಅನುವಾದಕ ಒಂದು ಹುಸಿ ಮೂಲವನ್ನೂ ಒಂದು ನಿಜ ಮೂಲವನ್ನೂ ಅಷ್ಟೇ ಶ್ರದ್ಧೆಯಿಂದ ಇಂಗ್ಲಿಷಿಗೆ ತಂದ.

ವ್ಯತ್ಯಾಸ ಇರುವುದು ಕೊಂಡಿಗಳಲ್ಲಿ. ನಾರ್ತನ ಹಿಂದೆ 1552ರ ಡೋನಿಯ ಇಟಾಲಿಯನ್ ಪುಸ್ತಕ ಇದೆ. ಅದರ ಹಿಂದೆ ಹದಿಮೂರನೇ ಶತಮಾನದಲ್ಲಿ ಕಾಪುವಾದ ಜಾನ್ ಮಾಡಿದ ಲ್ಯಾಟಿನ್ ಅನುವಾದ, ಅದರ ಹಿಂದೆ ಹೀಬ್ರೂ, ಅದರ ಹಿಂದೆ ಎಂಟನೇ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫಾ ಬರೆದ ಅರಬ್ಬಿ ‘ಕಲೀಲಾ ಮತ್ತು ದಿಮ್ನಾ’. ಅದಕ್ಕೂ ಹಿಂದೆ ಆರನೇ ಶತಮಾನದಲ್ಲಿ ಪರ್ಷಿಯಾದ ದೊರೆ ಖುಸ್ರೂ ಅನುಶಿರ್ವಾನನ ವೈದ್ಯ ಬುರ್ಜೋಯ್ ಮಾಡಿದ ಪಹ್ಲವಿ ಅನುವಾದ. ಪಹ್ಲವಿ ಪ್ರತಿ ಉಳಿದಿಲ್ಲ. ಆದರೆ ಅದರಿಂದಲೇ ಹೊರಟ ಸಿರಿಯಾಕ್ ಅನುವಾದ ಉಳಿದಿದೆ. ಅರಬ್ಬಿಯನ್ನೂ ಅದನ್ನೂ ಪಕ್ಕದಲ್ಲಿಟ್ಟು ನೋಡಿದರೆ ಕಳೆದುಹೋದ ಕೊಂಡಿಯ ಆಕಾರ ಸಿಗುತ್ತದೆ. ಕರಟಕ, ದಮನಕ ಅನ್ನುವ ಹೆಸರುಗಳೇ ಕಲೀಲಾ, ದಿಮ್ನಾ ಆಗಿರುವುದು ಕಣ್ಣಿಗೆ ಕಾಣುತ್ತದೆ. ಡಾಡ್ಸ್ಲಿಯ ಪುಸ್ತಕಕ್ಕೆ ಇಂಥ ಒಂದು ಕೊಂಡಿಯೂ ಇಲ್ಲ. 1750ರ ಲಂಡನ್ನಿನಲ್ಲಿ ಸಂಸ್ಕೃತ ಓದಿ ಪರೀಕ್ಷಿಸುವವರು ಇರಲಿಲ್ಲ. ಚಾರ್ಲ್ಸ್ ವಿಲ್ಕಿನ್ಸ್ ಭಗವದ್ಗೀತೆಯನ್ನು ಸಂಸ್ಕೃತದಿಂದ ನೇರವಾಗಿ ಇಂಗ್ಲಿಷಿಗೆ ತಂದದ್ದು 1785ರಲ್ಲಿ, ಹಿತೋಪದೇಶವನ್ನು ತಂದದ್ದು 1787ರಲ್ಲಿ.

ಇಲ್ಲಿಗೆ ಬಂದಾಗಲೇ ನನಗೆ ಮೈ ಬಿಸಿಯಾಯಿತು. ಯಾಕೆಂದರೆ ಕಳೆದ ಸೆಮಿಸ್ಟರಿನ ನನ್ನ ವಾದದಲ್ಲಿ ಎಷ್ಟು ಕೊಂಡಿಗಳಿದ್ದವು?

ಅಜ್ಜಿಯ ಕಥೆ ನಿಮಗೆಲ್ಲ ಗೊತ್ತಿರುವುದೇ. ಕೆರೆ ಬತ್ತುತ್ತದೆ, ಎರಡು ಹಂಸಗಳು ಕೋಲಿನ ಎರಡು ತುದಿ ಹಿಡಿಯುತ್ತವೆ, ಆಮೆ ನಡುವೆ ಕಚ್ಚಿಕೊಳ್ಳುತ್ತದೆ. ಕೆಳಗಿನ ಜನ ನಗುತ್ತಾರೆ, ಆಮೆ ಬಾಯಿ ಬಿಡುತ್ತದೆ, ಬೀಳುತ್ತದೆ. ನಾನು ನೆಂಟರ ಮುಂದೆ ಅಧಿಕಪ್ರಸಂಗ ಮಾಡಿದ ದಿನ ಅಜ್ಜಿ ಅದನ್ನು ಹೇಳುತ್ತಿದ್ದರು. ಬಾಯಿಗೆ ಹಿಡಿತ ಇರಬೇಕು ಅನ್ನುವ, ಆ ಇಂಗ್ಲಿಷ್ ಪುಸ್ತಕಗಳದೇ ಪಾಠ. ದುರ್ಗಸಿಂಹ ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದವನು, ಅವನ ಕೃತಿ ಸುಮಾರು 1031ರದು, ವಸುಭಾಗ ಭಟ್ಟನ ಪರಂಪರೆಯದು. ನಾವು ಕನ್ನಡದವರು, ಅವನು ಕನ್ನಡದವನು. ಇಷ್ಟರಿಂದಲೇ ನಾನು ಸಾವಿರ ವರ್ಷದ ಸೇತುವೆ ಕಟ್ಟಿದ್ದೆ. ಇದೇ ಕಥೆ ಬೌದ್ಧ ಜಾತಕಗಳಲ್ಲೂ ಇದೆ ಅನ್ನುವುದನ್ನು ಅಡಿಟಿಪ್ಪಣಿಗೆ ತಳ್ಳಿದ್ದೆ.

ನನ್ನ ಮಾರ್ಗದರ್ಶಕರು ಕೇಳಿದ್ದು ಒಂದೇ ಪ್ರಶ್ನೆ: “ಅಜ್ಜಿಯವರನ್ನು ಕೇಳಿದಿರಾ?” ಕೇಳಿರಲಿಲ್ಲ. ರಜೆಗೆ ಬಂದಾಗ ಕೇಳಿದೆ. ಅಜ್ಜಿ ಅಂದರು: “ಅದಾ? ನಿಮ್ಮ ದೊಡ್ಡಪ್ಪ ಪಳ್ಳಿಕೂಡದ ಪುಸ್ತಕ ಗಟ್ಟಿಯಾಗಿ ಓದ್ತಿದ್ದ ಕಣಪ್ಪಾ. ನಾನು ಕಂಡಿಕೆ ಸುತ್ತುತ್ತಾ ಕೇಳ್ತಿದ್ದೆ. ತಮಿಳ್ನಲ್ಲಿತ್ತು. ನಿಂಗೆ ನಮ್ಮ ಮಾತಲ್ಲಿ ಹೇಳ್ದೆ.”

ಅಲ್ಲಿಗೆ ಸೇತುವೆ ಬಿತ್ತು. ತಮಿಳಿನಲ್ಲಿ ತಾಂಡವರಾಯ ಮುದಲಿಯಾರ್ ಮರಾಠಿಯಿಂದ ತಂದ ಪಂಚತಂತ್ರದ ಗದ್ಯ 1826ರಲ್ಲೇ ಮದರಾಸಿನಲ್ಲಿ ಅಚ್ಚಾಗಿತ್ತು. ಅಲ್ಲಿಂದ ದೊಡ್ಡಪ್ಪನ ಪಾಠದ ಪುಸ್ತಕದವರೆಗಿನ ಕೊಂಡಿಗಳನ್ನು ನಾನಿನ್ನೂ ಹುಡುಕಬೇಕು, ಹಾಗಾಗಿ ಅದನ್ನೂ ಸಿದ್ಧಾಂತವಾಗಿ ಮಂಡಿಸುತ್ತಿಲ್ಲ. ಇವತ್ತು ಸಾಕ್ಷ್ಯವಿರುವುದು ಕೊನೆಯ ಒಂದು ಕೊಂಡಿಗೆ ಮಾತ್ರ: ಎಡಪ್ಪಾಡಿಯ ಒಂದು ಮನೆಯಲ್ಲಿ, ಶಾಲೆಗೆ ಹೋಗದ ಹೆಂಗಸೊಬ್ಬರು ತಮಿಳು ಪಾಠವನ್ನು ಕೇಳಿಸಿಕೊಂಡು ಕನ್ನಡಕ್ಕೆ ತಂದರು.

ಇದು ಬರೀ ಅಕಾಡೆಮಿಕ್ ವಿಷಯ ಅಲ್ಲ. ಹಳೆಯ ವಾದವನ್ನು ನಾನು ಊರಿನ ಒಂದು ಕೂಟದಲ್ಲೂ ಹೇಳಿದ್ದೆ. ಹಿರಿಯರು ಚಪ್ಪಾಳೆ ತಟ್ಟಿದ್ದರು, ಒಬ್ಬರು ಕಣ್ಣೊರೆಸಿಕೊಂಡಿದ್ದರು. ಮನೆಮಾತು ಮಕ್ಕಳ ಬಾಯಿಂದ ಜಾರುತ್ತಿರುವ ಕಡೆ ‘ಸಾವಿರ ವರ್ಷ’ ಅನ್ನುವ ಮಾತು ಎಷ್ಟು ಬೇಕಾಗಿರುತ್ತದೆ ಅನ್ನುವುದು ನನಗೆ ಗೊತ್ತು. ಡಾಡ್ಸ್ಲಿಗೆ ಬ್ರಾಹ್ಮಣ ಬೇಕಾದ ಹಾಗೆ ನನಗೆ ದುರ್ಗಸಿಂಹ ಬೇಕಾಗಿದ್ದ. ಅಜ್ಜಿಯ ಮಾತಿಗೆ ಅಜ್ಜಿಯ ಹೆಸರು ಸಾಲದು ಅಂತ ನಾನೇ ತೀರ್ಮಾನಿಸಿಬಿಟ್ಟಿದ್ದೆ. ಕೂಟದ ಹಿರಿಯರಿಗೆ ಈ ತಿದ್ದುಪಡಿಯನ್ನು ಹೋದ ವಾರ ಹೋಗಿ ಹೇಳಿ ಬಂದೆ. ಒಬ್ಬರು, “ಅಷ್ಟೇನಾ?” ಅಂದರು. ಇನ್ನೊಬ್ಬರು, “ಹಂಗಾದ್ರೆ ನಿಮ್ಮಜ್ಜಿನೇ ಕನ್ನಡಕ್ಕೆ ತಂದ್ರು ಅನ್ನು” ಅಂದರು. ಅಧ್ಯಾಯವನ್ನು ಹಾಗೇ ತಿದ್ದಿ ಬರೆಯುತ್ತಿದ್ದೇನೆ.

ಇಷ್ಟು ಹೇಳಿ ಮುಗಿಸುತ್ತೇನೆ. ಚಾಟ್‌ನಲ್ಲಿ ಪ್ರಶ್ನೆಗಳು ಬಂದಿರುವುದು ಕಾಣುತ್ತಿದೆ, ಒಂದೊಂದಾಗಿ ತೆಗೆದುಕೊಳ್ಳೋಣ.