ಮಡಿಲು ತಪ್ಪಿದ ಮಕ್ಕಳು

ಕೂಸಿಗೆ ಹಾಲು, ಬಟ್ಟೆ, ಮದ್ದು ಇದ್ದರೆ ಸಾಕೆಂದು ಒಂದು ಕಾಲದಲ್ಲಿ ಓದಿದವರೂ ನಂಬಿದ್ದರು. ಸಾಲದು, ತನ್ನವರೆನ್ನುವ ಒಬ್ಬರು ಬಿಡದೆ ಜೊತೆಗಿರಬೇಕು ಎಂದು ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿಯವರು 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಬರೆದರು.

ಇದಕ್ಕೆ ಕಠೋರ ಸಾಕ್ಷಿ ಸಿಕ್ಕಿದ್ದು ರುಮೇನಿಯಾ ದೇಶದಲ್ಲಿ. 1989ರ ಡಿಸೆಂಬರಿನಲ್ಲಿ ಅಲ್ಲಿನ ಸರ್ವಾಧಿಕಾರ ಉರುಳಿದಾಗ ಸರಕಾರಿ ಅನಾಥಾಲಯಗಳಲ್ಲಿ ಲಕ್ಷದಷ್ಟು ಮಕ್ಕಳಿದ್ದರು. ಹೆಚ್ಚಿನವರಿಗೆ ಹೆತ್ತವರಿದ್ದರು, ಸಾಕಲಾರದೆ ಬಿಟ್ಟಿದ್ದರು. ಸಾಲು ತೊಟ್ಟಿಲು, ಪಾಳಿ ಬದಲಾದಂತೆ ಎತ್ತಿಕೊಳ್ಳುವ ಕೈಯೂ ಬದಲು. ಅಲ್ಲಿ ಬೆಳೆದ ಕೆಲವರು ನೋವಾದರೂ ಯಾರ ಬಳಿಯೂ ಸುಳಿಯರು. ಇನ್ನು ಕೆಲವರು ಗುರುತಿಲ್ಲದವರ ಕೈಹಿಡಿದು ಹೊರಟೇಬಿಡುವರು. (ಅಂಥ ಮಗುವನ್ನು ಕಂಡರೆ ನಾವು ‘ಏನು ಸಲುಗೆ!’ ಎಂದು ಮೆಚ್ಚುತ್ತೇವೆ.) ಈ ಸ್ವಭಾವ ಕೆಲವರಲ್ಲಿ ದೊಡ್ಡವರಾದ ಮೇಲೂ ಉಳಿಯಿತು. 2000ದಲ್ಲಿ ಬುಖಾರೆಸ್ಟ್ ನಗರದಲ್ಲಿ ಶುರುವಾದ ಅಧ್ಯಯನ 136 ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಸಾಕುಮನೆಗಳಿಗೆ ಕಳಿಸಿತು. ಎರಡು ವರ್ಷ ತುಂಬುವ ಮೊದಲೇ ಹೋದವರು ಹೆಚ್ಚು ಚೇತರಿಸಿಕೊಂಡರು.

ನಮ್ಮ ವಯನಾಡಿನಲ್ಲೂ ಈ ಪ್ರಶ್ನೆ ಎದ್ದಿತು. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದು ಮಕ್ಕಳು ತಬ್ಬಲಿಗಳಾದಾಗ, ದತ್ತು ಕೊಡಿ ಎಂದು ಹಲವರು ಮುಂದೆ ಬಂದರು. ಒಳ್ಳೆಯ ಮನಸ್ಸೇ. ಆದರೆ 2015ರ ಬಾಲನ್ಯಾಯ ಕಾಯ್ದೆ ಮಗುವಿನ ಹೊಣೆಯನ್ನು ಮೊದಲು ಕುಟುಂಬಕ್ಕೇ ಒಪ್ಪಿಸುತ್ತದೆ. ಮಕ್ಕಳ ಮನೆ ಕೊನೆಯ ದಾರಿ. ಬದುಕುಳಿದ ಅಜ್ಜಿಯೋ ಚಿಕ್ಕಮ್ಮನೋ ಇದ್ದರೆ, ರಾತ್ರಿ ಬೆಚ್ಚಿಬಿದ್ದ ಮಗುವಿಗೆ ಅದೇ ಹಳೆಯ ದನಿ ಕೇಳಿಸುತ್ತದಲ್ಲ!