ಬಿದ್ರಿ ಕಲೆಯಲ್ಲಿ ಸತು, ತಾಮ್ರ ಮತ್ತು ಲವಣಗಳ ಬಳಕೆ

ಬೀದರ್ ನಗರವೂ ಅದಕ್ಕೆ ಸೇರಿದ ಚಿದ್ರಿಯೂ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ ನೆಲೆಸಿವೆ. ಈ ನೆಲದ ಹೆಸರನ್ನೇ ಹೊತ್ತ ಬಿದ್ರಿ ಕಲೆಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಬೆಳ್ಳಿಯ ಕುಸುರಿಯನ್ನೇ ವರ್ಣಿಸುತ್ತವೆ. ಆ ಬೆಳ್ಳಿಗೆ ಹಿನ್ನೆಲೆಯಾದ ಕಪ್ಪು ಲೋಹದ ಚರಿತ್ರೆಗೆ ದೊರೆತ ಗಮನ ಕಡಿಮೆ.

ಬಿದ್ರಿಯ ಮೂಲದ್ರವ್ಯ ಸತು. ಅದಕ್ಕೆ ಅಲ್ಪ ಪ್ರಮಾಣದಲ್ಲಿ ತಾಮ್ರ ಬೆರೆಯುತ್ತದೆ. ಹದಿನಾರು ಪಾಲಿಗೆ ಒಂದು ಪಾಲು ಎಂಬುದು ರೂಢಿಯ ಲೆಕ್ಕ. ಹಳೆಯ ವಸ್ತುಗಳಲ್ಲಿ ಸೀಸ, ತವರಗಳೂ ಕಂಡುಬರುತ್ತವೆ. ಸತು ಸುಲಭವಾಗಿ ಒಲಿಯುವ ಲೋಹವಲ್ಲ. 907 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಅದು ಆವಿಯಾಗುವುದರಿಂದ ತೆರೆದ ಕುಲುಮೆಯಲ್ಲಿ ಅದಿರಿನಿಂದ ಬೇರ್ಪಡಿಸಲಾಗದು. ಆವಿಯನ್ನು ಕೆಳಮುಖವಾಗಿ ಇಳಿಸಿ ತಣಿಸುವ ವಿಧಾನವನ್ನು ರಾಜಸ್ಥಾನದ ಜಾವರ್‌ನ ಕುಲುಮೆಗಾರರು ಮಧ್ಯಯುಗದಲ್ಲಿಯೇ ಸಾಧಿಸಿದ್ದರು. ಇಂಗ್ಲೆಂಡಿನಲ್ಲಿ ವಿಲಿಯಂ ಚಾಂಪಿಯನ್ ಇಂತಹ ವಿಧಾನಕ್ಕೆ ಹಕ್ಕುಪತ್ರ ಪಡೆದದ್ದು 1738ರಲ್ಲಿ. 17ನೆಯ ಶತಮಾನದಲ್ಲಿ ಚೀನಾದ ಸತುವೂ ಭಾರತದ ಬಂದರುಗಳಿಗೆ ಬರುತ್ತಿತ್ತು. ಆದುದರಿಂದ ಬಿದ್ರಿಯನ್ನು ಒಂದು ಊರಿನ ಕೈಕಸುಬೆಂದಷ್ಟೇ ನೋಡುವುದು ಸಾಲದು. ಅದರ ಹಿಂದೆ ದೂರದ ಗಣಿಗಳೂ ವ್ಯಾಪಾರದ ದಾರಿಗಳೂ ಇವೆ.

ಕಲೆಯ ಹುಟ್ಟನ್ನು ಬಹಮನಿ ಸುಲ್ತಾನ ಅಹಮದ್ ಷಾ ವಲಿಯ (1422–1436) ಕಾಲಕ್ಕೆ ಒಯ್ಯುವ ಐತಿಹ್ಯ ಬೀದರಿನಲ್ಲಿ ಬಲವಾಗಿದೆ. ಪರ್ಷಿಯಾದಿಂದ ಬಂದ ಅಬ್ದುಲ್ಲಾ ಬಿನ್ ಕೈಸರ್ ಇದನ್ನು ಕಲಿಸಿದನೆಂದು ಹೇಳಲಾಗುತ್ತದೆ. ಆದರೆ ಉಳಿದು ಬಂದಿರುವ ಅತಿ ಹಳೆಯ ಬಿದ್ರಿ ವಸ್ತುಗಳನ್ನು ವಿದ್ವಾಂಸರು 16ನೆಯ ಶತಮಾನದ ಕೊನೆ ಅಥವಾ 17ನೆಯ ಶತಮಾನದ ಆರಂಭಕ್ಕೆ ಸೇರಿಸುತ್ತಾರೆ. ಐತಿಹ್ಯವನ್ನು ತಳ್ಳಿಹಾಕಬೇಕಿಲ್ಲ, ಅದನ್ನೇ ಆಧಾರವೆಂದು ಎಣಿಸುವುದು ಮಾತ್ರ ಸರಿಯಲ್ಲ.

ಮರಳಿನ ಅಚ್ಚಿನಲ್ಲಿ ಎರಕಗೊಂಡ ವಸ್ತುವನ್ನು ಅರದಿಂದ ಉಜ್ಜಿ, ಮೈಲುತುತ್ತದ ದ್ರಾವಣ ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಉಳಿಯ ಗೆರೆ ಎದ್ದು ಕಾಣುತ್ತದೆ. ಕೊರೆದ ಗೆರೆಗಳಿಗೆ ಬೆಳ್ಳಿಯ ತಂತಿ ಇಲ್ಲವೆ ತಗಡನ್ನು ಬಡಿದು ಕೂರಿಸಿ ಮತ್ತೆ ನಯಗೊಳಿಸಿದಾಗ ಬಿಳಿಯ ಲೋಹದಲ್ಲಿ ಬಿಳಿಯ ಬೆಳ್ಳಿ ಬಹುಪಾಲು ಮರೆಯಾಗಿಬಿಡುತ್ತದೆ. ನವಸಾಗರ ಮತ್ತು ಕೋಟೆಯ ಹಳೆಯ ಮಣ್ಣನ್ನು ನೀರಿನಲ್ಲಿ ಕಲಸಿ, ಬಿಸಿ ಮಾಡಿದ ವಸ್ತುವಿಗೆ ಹಚ್ಚಿದಾಗ ಸತು-ತಾಮ್ರದ ಮೈ ಶಾಶ್ವತವಾಗಿ ಕಪ್ಪಾಗುತ್ತದೆ. ಬೆಳ್ಳಿ ಹಾಗೆಯೇ ಹೊಳೆಯುತ್ತದೆ.

ಈ ಮಣ್ಣನ್ನು ಮಳೆ ಬಿಸಿಲು ತಾಗದ ಎಡೆಗಳಿಂದ ತೆಗೆದು, ನಾಲಿಗೆಯ ರುಚಿಯಿಂದ ಪರೀಕ್ಷಿಸುವ ವಾಡಿಕೆಯಿದೆ. ಅದನ್ನು ಪವಾಡವೆನ್ನುವವರುಂಟು. ಹಳೆಯ ಕಟ್ಟಡಗಳ ಒಣ ಮಣ್ಣಿನಲ್ಲಿ ಪೆಟ್ಲುಪ್ಪಿನಂತಹ ನೈಟ್ರೇಟ್ ಲವಣಗಳು ಕೂಡಿಕೊಳ್ಳುವುದು ರಸಾಯನಶಾಸ್ತ್ರಕ್ಕೆ ತಿಳಿದ ಸಂಗತಿ. ಮಳೆ ಬಿದ್ದರೆ ಅವು ಕರಗಿಹೋಗುತ್ತವೆ. ನಾಲಿಗೆ ಗುರುತಿಸುತ್ತಿದ್ದುದು ಈ ಲವಣಗಳನ್ನೇ ಎನ್ನಬಹುದು. ಶುದ್ಧ ಸತುವಿನ ಮೇಲೆ ಈ ಕಪ್ಪು ಮೂಡದು. ಆ ಅಲ್ಪ ತಾಮ್ರವೇ ಅದಕ್ಕೆ ಕಾರಣ. ಬಿಹಾರದ ಪೂರ್ಣಿಯಾ ಹಾಗೂ ಲಖನೌಗಳಲ್ಲಿಯೂ ಬಿದ್ರಿ ತಯಾರಾಗುತ್ತಿತ್ತೆಂಬುದು ಇಲ್ಲಿ ಗಮನಾರ್ಹ. ಬೀದರಿನ ಹಿರಿಮೆ ಮಣ್ಣಿನಲ್ಲಿರುವುದಕ್ಕಿಂತ ಅದನ್ನು ಆಯ್ದ ಕುಶಲಿಗಳ ಅರಿವಿನಲ್ಲಿದೆ.

ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆಯಿತು. 2023ರಲ್ಲಿ ಬೀದರಿನ ಷಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು. ಹೆಸರಿಗೆ ರಕ್ಷಣೆ ದೊರೆತರೂ ಕೋಟೆಯ ಮಣ್ಣು ಅಗೆದಷ್ಟೂ ಮುಗಿಯುವಂಥದು. ಅದರ ಲವಣಾಂಶದ ವಿವರ ಕುಶಲಿಗಳ ನಾಲಿಗೆಯ ನೆನಪಿನಲ್ಲಿ ಮಾತ್ರ ಉಳಿಯದೆ ಬರಹಕ್ಕೆ ಇಳಿಯಬೇಕಾಗಿದೆ.