ಒಡೆಯದೆ ಒಡಕು ಹುಡುಕುವ ವಿದ್ಯೆ

ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. ಗಟ್ಟಿ ಮಡಕೆ ಠಣ್ಣೆನ್ನುತ್ತದೆ. ಬಿರುಕಿದ್ದರೆ ಒಡಕು ಸದ್ದು ಬರುತ್ತದೆ. ವಸ್ತುವನ್ನು ಒಡೆಯದೆ ಅದರೊಳಗಿನ ದೋಷ ಪತ್ತೆಹಚ್ಚುವ ಈ ಉಪಾಯ ಅಮೆರಿಕದ ಬಾಹ್ಯಾಕಾಶ ನೌಕೆಗಳ ಮಟ್ಟಿಗೆ ಜೀವನ್ಮರಣದ ಪ್ರಶ್ನೆಯಾಯಿತು.

ಲೋಹ ಮುರಿಯುವ ಮುನ್ನ ಬಾಗುತ್ತದೆ. ಸಿರಾಮಿಕ್ ಬಾಗುವುದಿಲ್ಲ, ಕಣ್ಣಿಗೆ ಕಾಣದ ಬಿರುಕಿದ್ದರೂ ಸಾಕು, ಒಮ್ಮೆಲೇ ಒಡೆಯುತ್ತದೆ. ಆದರೆ ಭೂಮಿಗೆ ಮರಳುವ ನೌಕೆಯನ್ನು ಸುಡುವ ಶಾಖದಿಂದ ಕಾಪಾಡಲು ಅದೇ ಬೇಕಿತ್ತು. ‘ಕೊಲಂಬಿಯಾ’ ನೌಕೆಗೆಂದು 30,000ಕ್ಕೂ ಹೆಚ್ಚು ಸಿಲಿಕಾ ಹೆಂಚುಗಳು ಸಿದ್ಧವಾದವು. 1979ರ ಮಾರ್ಚ್‌ನಲ್ಲಿ ಅದನ್ನು ವಿಮಾನದ ಬೆನ್ನೇರಿಸಿ ಕ್ಯಾಲಿಫೋರ್ನಿಯಾದಿಂದ ಫ್ಲಾರಿಡಾಕ್ಕೆ ಸಾಗಿಸುವ ವೇಳೆ ಅನೇಕ ಹೆಂಚುಗಳು ಕಳಚಿಬಿದ್ದವು.

ತಂತ್ರಜ್ಞರು ಹೆಂಚನ್ನು ನಿರ್ವಾತದ ಹಿಡಿಕೆಯಿಂದ ಹಿಡಿದು, ನಿಗದಿತ ಬಲದಿಂದ ಎಳೆದು ನೋಡಿದರು. ಆಗ ಒಳಗಿನ ಎಳೆಗಳು ಹರಿಯುವ ಸೂಕ್ಷ್ಮ ಸದ್ದನ್ನು ಉಪಕರಣಗಳು ಗ್ರಹಿಸಿದವು. ದುರ್ಬಲವೆಂದು ಕಂಡವನ್ನು ಕಿತ್ತು, ತಳಕ್ಕೆ ಸಿಲಿಕಾ ಮಿಶ್ರಣ ಬಳಿದು ಗಟ್ಟಿಗೊಳಿಸಿ ಮತ್ತೆ ಅಂಟಿಸಲಾಯಿತು. ಕೊಲಂಬಿಯಾ ಮೊದಲ ಬಾರಿಗೆ ಹಾರಿದ್ದು 1981ರ ಏಪ್ರಿಲ್ 12ರಂದು.

ರೆಕ್ಕೆಗಳ ಮುಂಭಾಗದ ಅಂಚಿನ ವಿಷಯದಲ್ಲಿ ಇಷ್ಟು ಎಚ್ಚರ ಇರಲಿಲ್ಲ. ಅತಿ ಹೆಚ್ಚು ಶಾಖ ತಾಗುವ ಈ ಅಂಚಿಗೆ ಸಿಲಿಕಾನ್ ಕಾರ್ಬೈಡ್ ಎಂಬ ಸಿರಾಮಿಕ್ ಲೇಪನವಿದ್ದ ಇಂಗಾಲದ ಫಲಕಗಳನ್ನು ಜೋಡಿಸಲಾಗಿತ್ತು. ಲೇಪನದ ಬಿರುಕಿನಲ್ಲಿ ಆಮ್ಲಜನಕ ನುಸುಳಿದರೆ ಒಳಗಿನ ಇಂಗಾಲ ಸವೆಯುತ್ತದೆ. ಹೊರಗಿನಿಂದ ಅದು ಗೊತ್ತಾಗುವುದಿಲ್ಲ. ಹಾರಾಟಗಳ ನಡುವಿನ ತಪಾಸಣೆಯಾದರೋ ಮುಖ್ಯವಾಗಿ ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ನಡೆಯುತ್ತಿತ್ತು.

2003ರ ಜನವರಿ 16ರಂದು ಉಡಾವಣೆಯ ವೇಳೆ ಇಂಧನ ತೊಟ್ಟಿಯಿಂದ ಕಳಚಿದ ಫೋಮ್ ತುಂಡೊಂದು ಕೊಲಂಬಿಯಾದ ಎಡರೆಕ್ಕೆಯ ಅಂಚಿಗೆ ಬಡಿಯಿತು. ಫೆಬ್ರವರಿ 1ರಂದು ಮರಳುವಾಗ ಅಲ್ಲಿಂದ ಬಿಸಿ ಅನಿಲ ಒಳನುಗ್ಗಿ ನೌಕೆ ಛಿದ್ರವಾಯಿತು. ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸೇರಿದಂತೆ ಏಳು ಗಗನಯಾತ್ರಿಗಳು ಪ್ರಾಣ ಕಳೆದುಕೊಂಡರು.

ದುರಂತಕ್ಕೆ ಕಾರಣವಾದದ್ದು ಫೋಮ್‌ನ ಹೊಡೆತ. ಆದರೆ ಫಲಕಗಳ ಗಟ್ಟಿತನ ಅರಿಯಲು ಅಂದಿನ ತಪಾಸಣೆ ಏನೇನೂ ಸಾಲದೆಂದು ತನಿಖಾ ಮಂಡಳಿ ಹೇಳಿತು. ಬಳಿಕ ಫಲಕದ ಮೇಲೆ ಕ್ಷಣಕಾಲ ಪ್ರಖರ ಬೆಳಕು ಹಾಯಿಸಿ, ಶಾಖ ಹರಡುವ ಬಗೆಯನ್ನು ಅತಿಗೆಂಪು ಕ್ಯಾಮೆರಾದಿಂದ ನೋಡುವ ಪರೀಕ್ಷೆ ಬಳಕೆಗೆ ಬಂತು. ಒಳಗೆ ಪದರ ಬಿಟ್ಟಿದ್ದರೆ ಶಾಖ ಅಲ್ಲೇ ತಡೆದು ನಿಲ್ಲುತ್ತದೆ. 2005ರಿಂದ ಕಕ್ಷೆಯಲ್ಲೂ ಲೇಸರ್ ಅಳವಡಿಸಿದ ಉದ್ದನೆಯ ತೋಳಿನಿಂದ ರೆಕ್ಕೆಯ ಅಂಚನ್ನು ಪರೀಕ್ಷಿಸಿದ ನಂತರವೇ ನೌಕೆ ಮರಳುತ್ತಿತ್ತು. 2011ರ ಜುಲೈನಲ್ಲಿ ‘ಅಟ್ಲಾಂಟಿಸ್’ ಕೊನೆಯ ಬಾರಿಗೆ ಇಳಿಯುವವರೆಗೂ ಈ ಕ್ರಮ ಮುಂದುವರಿಯಿತು.